ಸಿಂಗಪುರದ ಹಾಕರ್ ಸೆಂಟರ್‌ಗಳು: ಯಾರಿಗೆ ಯಾವುದು ಸರಿ?

ಸಿಂಗಪುರಕ್ಕೆ ಟಿಕೆಟ್ ಮಾಡಿಸಿದವರು ಸಾಮಾನ್ಯವಾಗಿ ಕೇಳುವುದು ಹೀಗೆ: "ಅಮ್ಮ ಮೊಟ್ಟೆ ಕೂಡ ಮುಟ್ಟಲ್ಲ, ಮಕ್ಕಳಿಗೆ ಖಾರ ಆಗಲ್ಲ, ನಮ್ಮ ಯಜಮಾನರಿಗೆ ಚಿಕನ್ ಇಲ್ಲದೆ ಆಗಲ್ಲ. ಊಟಕ್ಕೆ ಏನು ಮಾಡೋದು?" ಮೂರು ಹೊತ್ತೂ ಎಸಿ ರೆಸ್ಟೋರೆಂಟಿನಲ್ಲಿ ತಿಂದರೆ ಜೇಬು ಖಾಲಿಯಾಗುತ್ತದೆ. ಹಾಗಾಗಿ ಹಾಕರ್ ಸೆಂಟರ್‌ಗೇ ಹೋಗಬೇಕು. ದೊಡ್ಡ ಸೂರು, ಫ್ಯಾನು, ನೆಲಕ್ಕೆ ಬಿಗಿದ ಮೇಜುಗಳು, ಸುತ್ತ ಸಾಲು ಸಾಲು ಪುಟ್ಟ ಸ್ಟಾಲ್. ಒಂದರಲ್ಲಿ ಚೀನೀ ನೂಡಲ್ಸ್, ಪಕ್ಕದಲ್ಲಿ ಮಲಯ್ ಅನ್ನ, ಅದರ ಆಚೆ ಬಿರಿಯಾನಿ, ಇನ್ನೂ ಆಚೆ ದೋಸೆ.

ಇವು ಸುಮ್ನೆ ಹುಟ್ಟಿಕೊಂಡವಲ್ಲ. ಮೊದಲು ಈ ಅಡುಗೆಯೆಲ್ಲ ಬೀದಿ ಬದಿಯಲ್ಲಿ, ತಳ್ಳುಗಾಡಿಯಲ್ಲಿ ನಡೆಯುತ್ತಿತ್ತು. 1970ರ ದಶಕದಿಂದ 1980ರ ದಶಕದ ನಡುವಿನವರೆಗೆ ಸರ್ಕಾರ ಬೀದಿ ವ್ಯಾಪಾರಿಗಳನ್ನು ನಲ್ಲಿ, ಚರಂಡಿ ಇರುವ ಕಟ್ಟಡಗಳಿಗೆ ಸೇರಿಸಿತು. ಈಗ ಊರಿನಲ್ಲಿ ಇಂಥವು ನೂರಕ್ಕೂ ಜಾಸ್ತಿ ಇವೆ. 2020ರಲ್ಲಿ ಯುನೆಸ್ಕೋ ಕೂಡ ಈ ಹಾಕರ್ ಸಂಸ್ಕೃತಿಯನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು.

ನೂರರಲ್ಲಿ ಯಾವುದಕ್ಕೆ ಹೋಗುವುದು? ಹುಡುಕಿದರೆ ಎಲ್ಲ ಕಡೆ ಅದೇ ನಾಲ್ಕೈದು ಹೆಸರು, ಅದೂ ಖ್ಯಾತಿಯ ಲೆಕ್ಕದಲ್ಲಿ. ನನ್ನ ಪ್ರಕಾರ ಖ್ಯಾತಿ ನೋಡಿ ಆರಿಸಬಾರದು. ನಿಮ್ಮ ಮನೆಯವರು ಏನು ತಿನ್ನುವುದಿಲ್ಲ, ನೀವು ಯಾವ ಹೊತ್ತಿಗೆ ಹೋಗುತ್ತೀರಿ, ಈ ಎರಡನ್ನು ನೋಡಿ ಆರಿಸಿದರೆ ಅರ್ಧ ತಲೆನೋವು ಅಲ್ಲೇ ಮುಗಿಯುತ್ತದೆ.

ಮೊದಲು, ತಟ್ಟೆಯೊಳಗೆ ಕಾಣದೆ ಇರುವುದು

ಸಸ್ಯಾಹಾರಿಗಳು ಇದನ್ನು ಓದದೆ ಮುಂದೆ ಹೋಗಬೇಡಿ. ನಮ್ಮಲ್ಲಿ ತಟ್ಟೆಯಲ್ಲಿ ಮಾಂಸದ ತುಂಡು ಕಾಣದಿದ್ದರೆ ಸಾಕು, ವೆಜ್ ಅಂದುಕೊಳ್ಳುತ್ತೇವೆ. ಅಲ್ಲಿ ಅದು ನಡೆಯುವುದಿಲ್ಲ. ಒಣ ಸೀಗಡಿ, ಸೀಗಡಿ ಪೇಸ್ಟ್, ಸಣ್ಣ ಒಣಮೀನು, ಹಂದಿ ಕೊಬ್ಬು, ಕೋಳಿ ಬೇಯಿಸಿದ ನೀರು ಇವೆಲ್ಲ ಅಲ್ಲಿ ಒಗ್ಗರಣೆ ಸಾಮಾನು.

ಚಿಕನ್ ರೈಸಿನ ಅನ್ನವನ್ನು ಕೋಳಿ ಕೊಬ್ಬಿನಲ್ಲಿ ಹುರಿದು ಕೋಳಿ ಸಾರಿನಲ್ಲೇ ಬೇಯಿಸುತ್ತಾರೆ. ಹಾಗಾಗಿ "ಚಿಕನ್ ಬೇಡ, ಬರೀ ಅನ್ನ ಕೊಡಿ" ಅಂದರೂ ಪ್ರಯೋಜನ ಇಲ್ಲ. ನಾಸಿ ಲೆಮಾಕ್ ಅನ್ನುವ ತೆಂಗಿನ ಹಾಲಿನ ಅನ್ನ ಸಾಮಾನ್ಯವಾಗಿ ಸಸ್ಯಾಹಾರವೇ. ಆದರೆ ಪಕ್ಕದ ಕೆಂಪು ಸಂಬಾಲ್ ಚಟ್ನಿಯಲ್ಲಿ ಸೀಗಡಿ ಪೇಸ್ಟ್ ಇರುತ್ತದೆ, ಮೇಲೆ ಕರಿದ ಒಣಮೀನು ಉದುರಿಸಿರುತ್ತಾರೆ. ಲಾಕ್ಸಾ ಅನ್ನುವ ನೂಡಲ್ಸ್ ಸಾರಿನ ಮಸಾಲೆಗೇ ಒಣ ಸೀಗಡಿ ಅರೆದಿರುತ್ತಾರೆ. ಹಣ್ಣು ತರಕಾರಿ ಕಲಸಿದ ಚೀನೀ ರೋಜಾಕ್ ನೋಡಿದರೆ ಸಲಾಡ್ ಥರ ಕಾಣುತ್ತದೆ, ಆದರೆ ಆ ಕಪ್ಪು ಸಾಸು ಸೀಗಡಿಯದ್ದು. ಚಾರ್ ಕ್ವೇ ಟಿಯಾವ್ ಅನ್ನುವ ಹುರಿದ ಅಗಲ ಅಕ್ಕಿ ನೂಡಲ್ಸಿನ ಹಳೇ ರುಚಿ ಬರುವುದೇ ಹಂದಿ ಕೊಬ್ಬಿನಿಂದ. ಕ್ಯಾರೆಟ್ ಕೇಕ್ ಅಂದರೆ ಸಿಹಿ ಕೇಕ್ ಅಲ್ಲ. ಅಕ್ಕಿಹಿಟ್ಟು, ಮೂಲಂಗಿ ಸೇರಿಸಿ ಬೇಯಿಸಿ, ತುಂಡು ಮಾಡಿ, ಮೊಟ್ಟೆ ಹಾಕಿ ಹುರಿದದ್ದು.

ನಮ್ಮವರು ಹೆಚ್ಚಾಗಿ ಸಿಕ್ಕಿಬೀಳುವುದು ಪ್ರಾಟಾದಲ್ಲಿ. ನೋಡಲು ನಮ್ಮ ಪರೋಟವೇ. ಖಾಲಿ ಪ್ರಾಟಾ ಬೇಕಾದರೆ "ಪ್ರಾಟಾ ಕೊಸೊಂಗ್" ಅನ್ನಬೇಕು. ಅದರ ಜೊತೆ ಬರುವ ಬಟ್ಟಲಿನ ಸಾರು ಬಹಳ ಸಲ ಮೀನಿನದ್ದೋ ಮಟನ್‌ನದ್ದೋ ಆಗಿರುತ್ತದೆ. "ದಾಲ್ ಓನ್ಲಿ" ಅಂತ ಮೊದಲೇ ಹೇಳಿ. ಕೆಲವರು ಹಿಟ್ಟಿಗೂ ಮೊಟ್ಟೆ ಸೇರಿಸುತ್ತಾರೆ. ಮೊಟ್ಟೆ ತಿನ್ನದವರು ಅದನ್ನೂ ಕೇಳಿಬಿಡಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಬೋರ್ಡುಗಳ ವಿಷಯ. "ಹಲಾಲ್" ಅಂದರೆ ಹಂದಿ ಇಲ್ಲ, ಆದರೆ ದನದ ಮಾಂಸ ಇರಬಹುದು. ಮಲಯ್ ಸ್ಟಾಲುಗಳ ರೆಂಡಾಂಗ್ ಅನ್ನುವ ಮಾಂಸದ ಗಟ್ಟಿ ಮೇಲೋಗರ ಬಹಳ ಸಲ ಬೀಫ್. "ನೋ ಪೋರ್ಕ್, ನೋ ಲಾರ್ಡ್" ಅಂತ ಬರೆದಿದ್ದರೆ ಹಂದಿ ಮಾಂಸ, ಹಂದಿ ಕೊಬ್ಬು ಇಲ್ಲ ಅಂತ ಅಷ್ಟೇ. ಅದಕ್ಕೆ ಹಲಾಲ್ ಸರ್ಟಿಫಿಕೇಟ್ ಇರಲೇಬೇಕು ಅಂತಿಲ್ಲ, ಸಸ್ಯಾಹಾರಕ್ಕಂತೂ ಸಂಬಂಧವೇ ಇಲ್ಲ. ಬೀಫ್ ತಿನ್ನದ ಮಾಂಸಾಹಾರಿಗಳು ಸಾಟೆ (ಕಡ್ಡಿಗೆ ಸಿಕ್ಕಿಸಿ ಸುಟ್ಟ ಮಾಂಸ), ಕರಿ, ನೂಡಲ್ಸ್ ಯಾವುದನ್ನೇ ತೆಗೆದುಕೊಳ್ಳುವಾಗಲೂ ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು. ಅಂಗಡಿಯವರನ್ನು ಅಲ್ಲಿ ಎಲ್ಲರೂ ಅಂಕಲ್, ಆಂಟಿ ಅಂತಲೇ ಕರೆಯುತ್ತಾರೆ, ನೀವೂ ಹಾಗೇ ಕರೆಯಿರಿ.

ಟೆಕ್ಕಾ: ಮನೆಮಂದಿಯೆಲ್ಲ ಇದ್ದರೆ ಇದೇ

ಲಿಟ್ಲ್ ಇಂಡಿಯಾ ಎಂಆರ್‌ಟಿ (ಅಲ್ಲಿನ ಮೆಟ್ರೊ ರೈಲು) ಸ್ಟೇಷನ್ನಿನಿಂದ ಹೊರಗೆ ಬಂದರೆ ಟೆಕ್ಕಾ ಸೆಂಟರ್ ಪಕ್ಕದಲ್ಲೇ ಇದೆ. ಈಗಿನ ಕಟ್ಟಡ 1980ರ ದಶಕದ ಶುರುವಿನದ್ದು. ಕೆಳಗೆ ಒಂದು ಕಡೆ ಮೀನು, ಮಾಂಸ, ತರಕಾರಿ ಮಾರ್ಕೆಟ್, ಇನ್ನೊಂದು ಕಡೆ ಊಟದ ಸ್ಟಾಲ್. ಮೇಲೆ ಹೋದರೆ ಸೀರೆ, ಚೂಡಿದಾರ್, ಟೈಲರ್ ಅಂಗಡಿಗಳು. ಮೀನು ಮಾರ್ಕೆಟಿನ ವಾಸನೆ ಆಗದವರನ್ನು ಆ ಬಾಗಿಲಿನಿಂದ ಕರೆದುಕೊಂಡು ಹೋಗಬೇಡಿ. ರಸ್ತೆ ಕಡೆಯಿಂದ ನೇರ ಊಟದ ಭಾಗಕ್ಕೆ ಹೋಗಬಹುದು.

ಈ ಪಟ್ಟಿಯಲ್ಲಿ ನಾನು ಟೆಕ್ಕಾವನ್ನು ಮೊದಲು ಇಡುವುದಕ್ಕೆ ಕಾರಣ ಇದೆ. ಒಂದೇ ಮೇಜಿನ ಮೇಲೆ ಅಜ್ಜಿಗೆ ಇಡ್ಲಿ, ಮಗನಿಗೆ ಮಟನ್ ಬಿರಿಯಾನಿ, ಸೊಸೆಗೆ ಚೀನೀ ಬಾತುಕೋಳಿ ಅನ್ನ, ಮಗುವಿಗೆ ಪ್ರಾಟಾ ಮೇಲೆ ಸಕ್ಕರೆ ಇಡಬಹುದಾದ ಜಾಗ ಬೇರೆ ಸುಲಭವಾಗಿ ಸಿಗುವುದಿಲ್ಲ. ಹೆಸರು ದಕ್ಷಿಣ ಭಾರತದ ಅಡುಗೆಗೆ, ಆದರೆ ಒಳಗೆ ಚೀನೀ ಸಾಲೂ ಇದೆ, ಮಲಯ್ ಅಡುಗೆಯೂ ಇದೆ. ತಮಿಳು ಬಂದರೆ ಮಾತು ಇನ್ನೂ ಸುಲಭ. ಬರದಿದ್ದರೂ ಇಂಗ್ಲಿಷ್ ನಡೆಯುತ್ತದೆ.

ಬಿರಿಯಾನಿಗೆ ಅಲ್ಲಾವುದ್ದೀನ್ಸ್ ಸ್ಟಾಲಿನ ಹೆಸರು ಎಲ್ಲ ಕಡೆ ಕೇಳಿಬರುತ್ತದೆ, ಮಧ್ಯಾಹ್ನ ಕ್ಯೂ ಇರುತ್ತದೆ. ನನಗೆ ಬಿರಿಯಾನಿಗಿಂತ ಮುಖ್ಯ ಅನಿಸುವುದು ಮೀ ಗೋರೆಂಗ್. ಹಳದಿ ಚೀನೀ ನೂಡಲ್ಸನ್ನು ಭಾರತ ಮೂಲದ ಮುಸ್ಲಿಂ ಅಡುಗೆಯವರು ಟೊಮೆಟೊ, ಮೆಣಸಿನ ಪೇಸ್ಟ್, ಆಲೂಗಡ್ಡೆ ಹಾಕಿ ಕೆಂಪಗೆ ಹುರಿದು ಮಾಡಿದ್ದು. ಚೀನಾದಲ್ಲೂ ಸಿಗಲ್ಲ, ಚೆನ್ನೈಯಲ್ಲೂ ಸಿಗಲ್ಲ. ಬಿರಿಯಾನಿ ಬೆಂಗಳೂರಿನ ಗಲ್ಲಿಗಲ್ಲಿಯಲ್ಲೂ ಇದೆ ಅಲ್ವಾ? ಅಷ್ಟು ದೂರ ಹೋದ ಮೇಲೆ ಅಲ್ಲಿಯೇ ಹುಟ್ಟಿದ್ದನ್ನು ತಿನ್ನಿ. ಸಸ್ಯಾಹಾರಿಗಳು ಮಾಂಸ, ಮೊಟ್ಟೆ, ಸೀಗಡಿ ಬೇಡ ಅಂದರೆ ತರಕಾರಿ ಹಾಕಿ ಮಾಡಿಕೊಡುವವರೂ ಇದ್ದಾರೆ. ಬಾಣಲೆ ಮಾತ್ರ ಅದೇ. ಅದು ಆಗದವರು ಪೂರ್ತಿ ಸಸ್ಯಾಹಾರಿ ಸ್ಟಾಲಿಗೇ ಹೋಗಬೇಕು.

ಸಿಹಿಗೆ ಇಲ್ಲಿ ಆಪಂ ಸಿಗುತ್ತದೆ, ತೆಂಗಿನ ಹಾಲು ಮತ್ತು ಕಿತ್ತಳೆ ಬಣ್ಣದ ಸಕ್ಕರೆ ಜೊತೆ. ಪುಟು ಮಾಯಂ ಅಂತ ಕೇಳಿದರೆ ಬರುವುದು ನಮ್ಮ ಒತ್ತು ಶಾವಿಗೆಯೇ, ಮೇಲೆ ತೆಂಗಿನತುರಿ ಮತ್ತು ಅದೇ ಸಕ್ಕರೆ. ಮಲೆನಾಡು, ಕರಾವಳಿ ಕಡೆಯ ಹಿರಿಯರಿಗೆ ಇದನ್ನು ಕೊಡಿಸಿದರೆ ಆ ದಿನ ಊಟದ ತಕರಾರು ಬರುವುದಿಲ್ಲ.

ಮೊಟ್ಟೆ, ಮಾಂಸ ಬೇಯುವ ಜಾಗದಲ್ಲಿ ಕೂರುವುದೇ ಬೇಡ ಅನ್ನುವವರಿಗೆ ಟೆಕ್ಕಾ ಆಗುವುದಿಲ್ಲ. ಆದರೆ ಅಲ್ಲಿಂದ ಸೆರಂಗೂನ್ ರಸ್ತೆ ಹಿಡಿದರೆ ಕೋಮಳ ವಿಲಾಸ್, ಆನಂದ ಭವನ್ ಥರದ ಹಳೆಯ ಸಸ್ಯಾಹಾರಿ ಹೋಟೆಲುಗಳಿವೆ. ಇನ್ನೂ ಮುಂದೆ, ಶ್ರೀನಿವಾಸ ಪೆರುಮಾಳ್ ದೇವಸ್ಥಾನದ ಹತ್ತಿರ, ನಮ್ಮ ಎಂಟಿಆರ್ ಕೂಡ ಇದೆ. ಇವು ಹಾಕರ್ ಸೆಂಟರ್ ಅಲ್ಲ, ಬೆಲೆಯೂ ಸ್ವಲ್ಪ ಜಾಸ್ತಿ. ಆದರೆ ಅಪ್ಪ ಅಮ್ಮನನ್ನು ಅಲ್ಲಿ ಕೂರಿಸಿ ನೀವು ಟೆಕ್ಕಾಗೆ ಬರುವ ಏರ್ಪಾಡು ಕೆಲಸ ಮಾಡುತ್ತದೆ.

ಮ್ಯಾಕ್ಸ್‌ವೆಲ್ಲೋ, ಚೈನಾಟೌನ್ ಕಾಂಪ್ಲೆಕ್ಸೋ?

ಎರಡೂ ಚೈನಾಟೌನಿನಲ್ಲಿವೆ, ನಡೆದರೆ ಐದು-ಹತ್ತು ನಿಮಿಷದ ಅಂತರ. ಎರಡರಲ್ಲೂ ಚೀನೀ ಅಡುಗೆಯದ್ದೇ ದರ್ಬಾರು. ಸಸ್ಯಾಹಾರಿಗಳಿಗೆ ಎರಡನ್ನೂ ನಾನು ಶಿಫಾರಸು ಮಾಡುವುದಿಲ್ಲ. ಹಂದಿ ಮಾಂಸ ನೇತುಹಾಕಿದ ಗಾಜಿನ ಪೆಟ್ಟಿಗೆಗಳ ಮುಂದೆ ಸೋಯಾ ಹಾಲು ಕುಡಿದು ಕೂರಬೇಕಾಗುತ್ತದೆ.

ಮಾಂಸಾಹಾರಿಗಳ ಪೈಕಿ, ಮೊದಲ ಸಲ ಹೋಗುವವರಿಗೆ ಮ್ಯಾಕ್ಸ್‌ವೆಲ್ ಸುಲಭ. ಸುಮಾರು ನೂರು ಸ್ಟಾಲ್, ಉದ್ದನೆಯ ಸಾಲುಗಳು, ದಾರಿ ತಪ್ಪುವುದಿಲ್ಲ. 2022ರಿಂದ ಬಾಗಿಲಿಗೇ ಮ್ಯಾಕ್ಸ್‌ವೆಲ್ ಹೆಸರಿನ ಎಂಆರ್‌ಟಿ ಸ್ಟೇಷನ್ ಬಂದಿದೆ. ಎದುರಿಗೆ ಬುದ್ಧನ ಹಲ್ಲಿನ ದೇವಾಲಯ. ಸ್ವಲ್ಪ ನಡೆದರೆ ಊರಿನ ಅತಿ ಹಳೆಯ ಹಿಂದೂ ದೇವಸ್ಥಾನ, 1827ರಲ್ಲಿ ಶುರುವಾದ ಶ್ರೀ ಮಾರಿಯಮ್ಮನ್ ಗುಡಿ. ಬೆಳಗ್ಗೆ ಅವೆರಡನ್ನೂ ನೋಡಿ, ಹನ್ನೊಂದರ ಹೊತ್ತಿಗೆ ಇಲ್ಲಿಗೆ ಬಂದರೆ ಸರಿಹೋಗುತ್ತದೆ. ಹನ್ನೆರಡಾದರೆ ಸುತ್ತಲ ಆಫೀಸಿನವರೆಲ್ಲ ಬಂದುಬಿಡುತ್ತಾರೆ, ಕೂರಲು ಜಾಗ ಇರುವುದಿಲ್ಲ.

ಇಲ್ಲಿಗೆ ಜನ ಬರುವುದು ತಿಯಾನ್ ತಿಯಾನ್ ಸ್ಟಾಲಿನ ಹೈನಾನೀಸ್ ಚಿಕನ್ ರೈಸಿಗೆ. ಅಮೆರಿಕದ ಟಿವಿ ಅಡುಗೆಯವರು ಹೊಗಳಿದ ಮೇಲೆ ಕ್ಯೂ ಇನ್ನೂ ಉದ್ದ ಆಯಿತು. ಅದೇ ಸಾಲಿನಲ್ಲಿ ಸ್ವಲ್ಪ ದೂರಕ್ಕೆ ಆಹ್ ತಾಯ್ ಅನ್ನುವ ಇನ್ನೊಂದು ಸ್ಟಾಲ್ ಇದೆ. ಹಿಂದೆ ತಿಯಾನ್ ತಿಯಾನ್‌ನಲ್ಲೇ ಅಡುಗೆ ಮಾಡುತ್ತಿದ್ದವರು ಶುರು ಮಾಡಿದ್ದು. ಅಲ್ಲಿಯವರಲ್ಲೇ ಯಾವುದು ವಾಸಿ ಅಂತ ಜಗಳ ಇದೆ. ಬಿಸಿಲಲ್ಲಿ ಮಕ್ಕಳನ್ನು ಎತ್ತಿಕೊಂಡು ಮುಕ್ಕಾಲು ಗಂಟೆ ಕ್ಯೂ ನಿಲ್ಲುವಷ್ಟು ವ್ಯತ್ಯಾಸ ನನಗೆ ಕಾಣಿಸುವುದಿಲ್ಲ. ಕ್ಯೂ ಕಡಿಮೆ ಇರುವ ಕಡೆ ತಿನ್ನಿ.

ಒಂದು ಎಚ್ಚರಿಕೆ. ಚಿಕನ್ ರೈಸ್ ಅಂದ ತಕ್ಷಣ ಮಸಾಲೆ, ಘಮಘಮ ಅಂತ ಯೋಚಿಸಬೇಡಿ. ಕೋಳಿಯನ್ನು ಕುದಿಯುವುದಕ್ಕೂ ಸ್ವಲ್ಪ ಕಡಿಮೆ ಬಿಸಿಯ ನೀರಿನಲ್ಲಿ ಬೇಯಿಸಿ, ಆಮೇಲೆ ತಣ್ಣೀರಿಗೆ ಅದ್ದುತ್ತಾರೆ. ತುಂಡು ಬೆಳ್ಳಗೆ, ನುಣ್ಣಗೆ, ಉಗುರುಬೆಚ್ಚಗೆ ಬರುತ್ತದೆ. ನಮ್ಮ ಕೋಳಿ ಸಾರಿಗೆ ಒಗ್ಗಿದ ನಾಲಿಗೆಗೆ ಮೊದಲ ತುತ್ತು "ಇದಕ್ಕೇನಾ ಇಷ್ಟು ಗಲಾಟೆ?" ಅನಿಸಬಹುದು. ಶುಂಠಿ, ಬೆಳ್ಳುಳ್ಳಿ, ನಿಂಬೆಹುಳಿ ಹಾಕಿ ಅರೆದ ಕೆಂಪು ಚಟ್ನಿ, ದಪ್ಪ ಸೋಯಾ ಸಾಸ್ ಎರಡನ್ನೂ ಅನ್ನಕ್ಕೆ ಕಲಸಿಕೊಳ್ಳಿ. ಆ ಊಟದಲ್ಲಿ ಹೀರೋ ಅನ್ನ, ಕೋಳಿ ಅಲ್ಲ. ಬಿಳಿ ಕೋಳಿ ನೋಡಿದರೆ ಮುಖ ಸಿಂಡರಿಸುವವರಿಗೆ ಹುರಿದ ಕಂದು ಕೋಳಿ ಇಟ್ಟಿರುವ ಸ್ಟಾಲುಗಳೂ ಇವೆ.

ಚೈನಾಟೌನ್ ಕಾಂಪ್ಲೆಕ್ಸ್ ಬೇರೆ ಲೋಕ. ಸ್ಮಿತ್ ಸ್ಟ್ರೀಟ್ ಪಕ್ಕದ ಕಟ್ಟಡದ ಮೇಲ್ಮಹಡಿ, ಇನ್ನೂರಕ್ಕೂ ಹೆಚ್ಚು ಸ್ಟಾಲ್, ಊರಿನಲ್ಲೇ ಅತಿ ದೊಡ್ಡದು. ಚಾವಣಿ ತಗ್ಗು, ಓಣಿಗಳು ಇಕ್ಕಟ್ಟು, ಎಲ್ಲ ಸಾಲೂ ಒಂದೇ ಥರ. ಒಮ್ಮೆ ಮೇಜು ಬಿಟ್ಟು ಹೋದರೆ ವಾಪಸ್ ಹುಡುಕುವುದು ಕಷ್ಟ. ಹೋಗಬೇಕೆಂದಿರುವ ಸ್ಟಾಲಿನ ನಂಬರ್ ಬರೆದುಕೊಂಡು ಹೋಗಿ. 2016ರಲ್ಲಿ, ಒಳ್ಳೆಯ ಹೋಟೆಲುಗಳಿಗೆ ನಕ್ಷತ್ರ ಕೊಡುವ ಮಿಷೆಲಿನ್ ಗೈಡ್ ಮೊದಲ ಸಲ ಸಿಂಗಪುರಕ್ಕೆ ಬಂದಾಗ ಇಲ್ಲಿನ ಸೋಯಾ ಸಾಸ್ ಕೋಳಿ ಸ್ಟಾಲಿಗೆ ನಕ್ಷತ್ರ ಸಿಕ್ಕಿತು. ಒಂದು ತಟ್ಟೆ ಆಗ ಎರಡು ಸಿಂಗಪುರ ಡಾಲರ್ ಚಿಲ್ಲರೆ. ಜಗತ್ತಿನ ಅತಿ ಅಗ್ಗದ ಮಿಷೆಲಿನ್ ಊಟ ಅಂತ ಸುದ್ದಿಯಾಯಿತು. 2021ರಲ್ಲಿ ನಕ್ಷತ್ರ ಹೋಯಿತು. ಅದಕ್ಕಾಗಿಯೇ ಇಲ್ಲಿಗೆ ಬರುವುದಾದರೆ ಬೇಡ. ಬರಬೇಕಾದದ್ದು, ಹೆಸರು ಗೊತ್ತಿಲ್ಲದ ಸ್ಟಾಲಿನ ಮುಂದೆ ಹತ್ತಾರು ಅಜ್ಜಂದಿರು ಕ್ಯೂ ನಿಂತಿರುವುದನ್ನು ನೋಡಿ ತಾವೂ ನಿಲ್ಲುವ ಧೈರ್ಯ ಇರುವವರು. ಬೆಲೆ ಮ್ಯಾಕ್ಸ್‌ವೆಲ್‌ಗಿಂತ ಕಡಿಮೆ ಇರುವ ಸ್ಟಾಲುಗಳು ಬೇಕಾದಷ್ಟಿವೆ, ಪ್ರವಾಸಿಗರೂ ಕಡಿಮೆ. ಗಡಿಬಿಡಿ ಇರುವವರು, ಚಿಕ್ಕ ಮಕ್ಕಳು ಇರುವವರು ಮ್ಯಾಕ್ಸ್‌ವೆಲ್‌ಗೇ ಹೋಗಿ.

ಸಸ್ಯಾಹಾರಿಗಳಿಗೆ ಚೀನೀ ಊಟ ಬೇಕೆಂದರೆ

ಸಿಂಗಪುರಕ್ಕೆ ಹೋಗಿಯೂ ದಿನಾ ದೋಸೆಯೇ ತಿನ್ನುವುದು ಸಸ್ಯಾಹಾರಿಗಳ ಹಣೆಬರಹ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ. ಬೌದ್ಧ ಸಂಪ್ರದಾಯದ ಚೀನೀ ಸಸ್ಯಾಹಾರಿ ಸ್ಟಾಲುಗಳು ಬಹಳ ಸೆಂಟರ್‌ಗಳಲ್ಲಿ ಒಂದಾದರೂ ಇರುತ್ತವೆ. ಬೋರ್ಡಿನ ಮೇಲೆ ವೆಜಿಟೇರಿಯನ್ ಅಂತ ಬರೆದಿರುತ್ತದೆ. ಅನ್ನ ಅಥವಾ ಸಣ್ಣ ಅಕ್ಕಿ ಶಾವಿಗೆ, ಅದರ ಮೇಲೆ ನೀವು ಬೆರಳು ತೋರಿಸಿದ ಪಲ್ಯಗಳು. ಹಲವು ಸ್ಟಾಲುಗಳು ಈರುಳ್ಳಿ, ಬೆಳ್ಳುಳ್ಳಿಯನ್ನೂ ಹಾಕುವುದಿಲ್ಲ. ನಮ್ಮಲ್ಲಿ ಮಡಿ ಊಟದವರಿಗೂ ಒಗ್ಗುವಂಥದ್ದು, ಮೊಟ್ಟೆ ಇದೆಯೇ ಅಂತ ಮಾತ್ರ ಕೇಳಬೇಕು. ಇನ್ನೊಂದು, ಸೋಯಾ ಮತ್ತು ಗೋಧಿಯ ಅಂಟಿನಿಂದ ಥೇಟ್ ಬಾತುಕೋಳಿ, ಹಂದಿ ತುಂಡಿನ ಹಾಗೆ ಕಾಣುವ ಪದಾರ್ಥ ಮಾಡುತ್ತಾರೆ. ಅಮ್ಮನಿಗೆ ಮೊದಲೇ ಹೇಳಿಡಿ, ಇಲ್ಲದಿದ್ದರೆ ತಟ್ಟೆ ದೂಡಿ ಎದ್ದುಬಿಡುತ್ತಾರೆ.

ಇದಕ್ಕೆ ನಾನು ಕಳಿಸುವುದು ಬುಗಿಸ್ ಹತ್ತಿರದ ವಾಟರ್‌ಲೂ ಸ್ಟ್ರೀಟ್ ಕಡೆಗೆ. ಅಲ್ಲಿ ಕ್ವಾನ್ ಇಮ್ ದೇವಿಯ ಚೀನೀ ದೇವಾಲಯ, ಅದರ ಪಕ್ಕದಲ್ಲೇ ಶ್ರೀ ಕೃಷ್ಣನ್ ದೇವಸ್ಥಾನ. ಚೀನೀ ಭಕ್ತರು ಅಲ್ಲಿ ಮುಗಿಸಿ ಕೃಷ್ಣನ ಮುಂದೆಯೂ ಊದುಕಡ್ಡಿ ಹಚ್ಚಿ ಕೈಮುಗಿದು ಹೋಗುತ್ತಾರೆ. ಆ ದೇವಾಲಯಗಳ ಜನರಿಗಾಗಿಯೇ ಸುತ್ತಮುತ್ತ ಸಸ್ಯಾಹಾರಿ ಊಟ ಬೆಳೆದಿದೆ. ಹತ್ತಿರದ ಆಲ್ಬರ್ಟ್ ಸೆಂಟರ್ ಹಾಕರ್ ಮಾರುಕಟ್ಟೆಯಲ್ಲಿ ಸಸ್ಯಾಹಾರಿ ಸ್ಟಾಲುಗಳಿವೆ. ಮಿಡ್ಲ್ ರೋಡಿನ ಫಾರ್ಚೂನ್ ಸೆಂಟರ್ ಎಂಬ ಕಟ್ಟಡದಲ್ಲಂತೂ ಸಾಲು ಸಾಲು ಸಸ್ಯಾಹಾರಿ ಅಂಗಡಿಗಳು. ಚಾಂದ್ರಮಾನದ ತಿಂಗಳ ಮೊದಲ ದಿನ ಮತ್ತು ಹದಿನೈದನೆಯ ದಿನ, ಅಂದರೆ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು, ಬಹಳ ಚೀನೀಯರು ಮಾಂಸ ಬಿಡುತ್ತಾರೆ. ಆವತ್ತು ಈ ಸ್ಟಾಲುಗಳಲ್ಲಿ ಕ್ಯೂ ಜಾಸ್ತಿ.

ಹಕ್ಕಾ ಅನ್ನುವ ಚೀನೀ ಸಮುದಾಯದವರ ಲೇ ಚಾ ಕೂಡ ಕೇಳಿನೋಡಿ. ಸಣ್ಣಗೆ ಹೆಚ್ಚಿದ ಸೊಪ್ಪು, ಬೀನ್ಸ್, ಕಡಲೆಬೀಜ, ತೋಫು ಎಲ್ಲ ಅನ್ನದ ಮೇಲೆ. ಪಕ್ಕದಲ್ಲಿ ಪುದೀನ, ತುಳಸಿ ಜಾತಿಯ ಸೊಪ್ಪು, ಚಹಾ ಎಲೆ ಅರೆದ ಹಸಿರು ಸಾರು. ಮಾಮೂಲಾಗಿ ಒಣಮೀನು ಹಾಕಿರುತ್ತಾರೆ, ಹಾಗಾಗಿ ಸಸ್ಯಾಹಾರಿ ಸ್ಟಾಲಿನಲ್ಲೇ ತೆಗೆದುಕೊಳ್ಳಿ. ಮೊದಲ ಸಲಕ್ಕೆ ಔಷಧಿ ಥರ ಅನಿಸಬಹುದು. ಕಷಾಯ ಕುಡಿದು ಬೆಳೆದವರಿಗೆ ತೊಂದರೆ ಇಲ್ಲ.

ರಾತ್ರಿಗೆ: ಲಾವ್ ಪಾ ಸಾಟ್ ಅಥವಾ ನ್ಯೂಟನ್

ಸಂಜೆ ಹೊತ್ತು ಬಹಳ ಸೆಂಟರ್‌ಗಳು ಅರ್ಧ ಮುಚ್ಚಿರುತ್ತವೆ. ಅಂಗಡಿ ನಡೆಸುವವರಲ್ಲಿ ವಯಸ್ಸಾದವರೇ ಜಾಸ್ತಿ, ನಸುಕಿಗೆ ಎದ್ದು ಮಧ್ಯಾಹ್ನಕ್ಕೆ ಸಾಮಾನು ಮುಗಿಸಿ ಮನೆಗೆ ಹೋಗುತ್ತಾರೆ. ರಾತ್ರಿ ಊಟಕ್ಕೆ ಪ್ರವಾಸಿಗರು ಹೋಗುವುದು ಈ ಎರಡು ಕಡೆ.

ಲಾವ್ ಪಾ ಸಾಟ್ ಆಫೀಸು ಗೋಪುರಗಳ ನಡುವೆ ಇರುವ ಎಂಟು ಮೂಲೆಯ ಎರಕದ ಕಬ್ಬಿಣದ ಕಟ್ಟಡ. 1894ರದ್ದು, ವಿನ್ಯಾಸ ಜೇಮ್ಸ್ ಮೆಕ್‌ರಿಚಿ ಅನ್ನುವ ಮುನಿಸಿಪಲ್ ಇಂಜಿನಿಯರದ್ದು, ಕಬ್ಬಿಣ ಬಂದದ್ದು ಸ್ಕಾಟ್ಲೆಂಡಿನ ಗ್ಲಾಸ್ಗೋದಿಂದ. 1980ರ ದಶಕದಲ್ಲಿ ಕೆಳಗೆ ಎಂಆರ್‌ಟಿ ಸುರಂಗ ಕೊರೆಯುವಾಗ ಇಡೀ ಕಟ್ಟಡವನ್ನು ಬಿಚ್ಚಿಟ್ಟು, ಆಮೇಲೆ ಮತ್ತೆ ಜೋಡಿಸಿದರು. ಕತ್ತೆತ್ತಿ ಆ ಕಮಾನುಗಳನ್ನು ನೋಡುವುದಕ್ಕಾದರೂ ಒಮ್ಮೆ ಹೋಗಬೇಕು. ಇದನ್ನು ನಡೆಸುವುದು ಖಾಸಗಿ ಕಂಪನಿ. ಬೆಲೆ ಮಾಮೂಲಿ ಹಾಕರ್ ಸೆಂಟರಿಗಿಂತ ಒಂದೆರಡು ಡಾಲರ್ ಜಾಸ್ತಿ, ರುಚಿ ಸಾಧಾರಣ. ಒಳಗೆ ಭಾರತೀಯ ಊಟದ ಸ್ಟಾಲೂ ಇದೆ, ಆದ್ದರಿಂದ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ.

ನಿಜವಾದ ಗಮ್ಮತ್ತು ಹೊರಗೆ. ವಾರದ ದಿನ ಸಂಜೆ ಏಳಕ್ಕೆ, ಶನಿವಾರ ಭಾನುವಾರ ಮಧ್ಯಾಹ್ನ ಮೂರಕ್ಕೆ ಪಕ್ಕದ ಬೂನ್ ಟಾಟ್ ರಸ್ತೆಯಲ್ಲಿ ವಾಹನ ಸಂಚಾರ ಬಂದ್ ಮಾಡಿ ಮೇಜು ಹಾಕುತ್ತಾರೆ. ಇದ್ದಿಲ ಮೇಲೆ ಸಾಟೆ ಸುಡುವ ಹೊಗೆ ರಸ್ತೆ ತುಂಬಾ. ಅರಿಶಿನ, ಲೆಮನ್‌ಗ್ರಾಸ್ ಸವರಿದ ಸಣ್ಣ ತುಂಡುಗಳು ಕಡ್ಡಿಯಲ್ಲಿ, ನಂಚಿಕೊಳ್ಳಲು ಕಡಲೆಬೀಜದ ಸಿಹಿ ಖಾರ ಸಾಸು, ಸೌತೆಕಾಯಿ, ಹಸಿ ಈರುಳ್ಳಿ, ಒತ್ತಿ ಬೇಯಿಸಿದ ಅನ್ನದ ತುಂಡು. ಏಳು ಮತ್ತು ಎಂಟನೇ ನಂಬರಿನ ಸ್ಟಾಲಿಗೆ ಹೆಸರು ಹೆಚ್ಚು. ಕೋಳಿ, ಮಟನ್, ಬೀಫ್, ಸೀಗಡಿ ಕೂಡಿದ ಸೆಟ್ ಮಾರುತ್ತಾರೆ. ಬೀಫ್ ಬೇಡದವರು ಸೆಟ್ ಹೇಳುವಾಗಲೇ "ಚಿಕನ್ ಅಂಡ್ ಮಟನ್ ಓನ್ಲಿ" ಅನ್ನಬೇಕು. ತಟ್ಟೆ ಬಂದ ಮೇಲೆ ಎಲ್ಲ ಕಡ್ಡಿಯೂ ಒಂದೇ ಬಣ್ಣ, ಗೊತ್ತಾಗುವುದಿಲ್ಲ.

ನ್ಯೂಟನ್ ಸಮುದ್ರದ ಪದಾರ್ಥಕ್ಕೆ ಹೆಸರಾದದ್ದು. ಏಡಿ, ಸುಟ್ಟ ತೊರಕೆ ಮೀನು, ಸೀಗಡಿ. ಕರಾವಳಿಯವರಿಗೆ ಆಸೆ ಆಗುವ ಜಾಗವೇ. ಆದರೆ ಒಳಗೆ ಕಾಲಿಟ್ಟರೆ ಮೆನು ಹಿಡಿದು ಕರೆಯುವವರು ಇರಬಹುದು, ಬೆಲೆ ತೂಕದ ಲೆಕ್ಕದಲ್ಲಿ ಇರುತ್ತದೆ. 2009ರಲ್ಲಿ ಇಲ್ಲಿನ ಒಂದು ಸ್ಟಾಲ್ ಅಮೆರಿಕದ ಪ್ರವಾಸಿಗರಿಗೆ 8 ದೊಡ್ಡ ಸೀಗಡಿಗೆ 239 ಸಿಂಗಪುರ ಡಾಲರ್ ಬಿಲ್ ಮಾಡಿ ದೊಡ್ಡ ಸುದ್ದಿಯಾಗಿತ್ತು. ಸರ್ಕಾರ ಆ ಸ್ಟಾಲನ್ನು ಮೂರು ತಿಂಗಳು ಮುಚ್ಚಿಸಿತು. ಈಗ ಪರಿಸ್ಥಿತಿ ಅಷ್ಟು ಕೆಟ್ಟದಾಗಿಲ್ಲ. ಆದರೂ ನೂರು ಗ್ರಾಂಗೆ ಎಷ್ಟು, ಒಟ್ಟು ಎಷ್ಟು ಗ್ರಾಂ, ಒಟ್ಟು ಬಿಲ್ ಎಷ್ಟು ಅಂತ ಒಲೆಗೆ ಹಾಕುವ ಮೊದಲೇ ಕೇಳಿ. ಐದಾರು ಜನ ಸೇರಿ ಹಂಚಿಕೊಂಡು ತಿನ್ನುವುದಾದರೆ ನ್ಯೂಟನ್. ಇಬ್ಬರೇ ಇದ್ದರೆ, ಅಥವಾ ಮೀನು ತಿನ್ನದವರು ಜೊತೆಗಿದ್ದರೆ, ಲಾವ್ ಪಾ ಸಾಟ್.

ಗೇಲಾಂಗ್ ಸೆರಾಯ್

ಮಲಯ್ ಅಡುಗೆಯನ್ನೇ ಹುಡುಕಿಕೊಂಡು ಹೋಗುವವರಿಗೆ ಇದು. ಪಾಯಾ ಲೇಬಾರ್ ಸ್ಟೇಷನ್ನಿನಿಂದ ನಡೆದು ಹೋಗಬಹುದು. ನಾಸಿ ಪಡಾಂಗ್, ಅಂದರೆ ಅನ್ನ ಮತ್ತು ಇಪ್ಪತ್ತು ಬಗೆಯ ಮೇಲೋಗರ, ನೀವು ತೋರಿಸಿದ್ದನ್ನು ಹಾಕಿಕೊಡುತ್ತಾರೆ. ಸಂಜೆ ತಿಂಡಿಗೆ ಬಾಳೆಹಣ್ಣಿನ ಬೋಂಡಾ, ತೆಂಗು-ತಾಳೆಬೆಲ್ಲದ ಸಿಹಿಗಳು. ಚೀನೀ ಅಡುಗೆಯ ಹಂದಿ ವಾಸನೆ ಆಗದವರಿಗೆ ನೆಮ್ಮದಿ, ಬೀಫ್ ಆಗದವರು ಹುಷಾರು, ಸಸ್ಯಾಹಾರಿಗಳಿಗೆ ಸಿಹಿ ಬಿಟ್ಟರೆ ಹೆಚ್ಚೇನಿಲ್ಲ. ಮೂರೇ ದಿನದ ಪ್ರವಾಸವಾದರೆ ಇದನ್ನು ಬಿಡಬಹುದು.

ಕಾಫಿ ಹೇಳುವುದು

ಯಾವ ಸೆಂಟರಿಗೆ ಹೋದರೂ ಕುಡಿಯುವುದಕ್ಕೆ ಬೇರೆ ಸ್ಟಾಲ್. ಬರೀ "ಕೋಪಿ" ಅಂದರೆ ಗಟ್ಟಿ ಸಿಹಿ ಹಾಲು ಹಾಕಿದ ಕಾಫಿ. "ಕೋಪಿ ಓ" ಅಂದರೆ ಹಾಲಿಲ್ಲ, ಸಕ್ಕರೆ ಇದೆ. "ಕೋಪಿ ಸಿ" ಅಂದರೆ ಸಿಹಿಯಿಲ್ಲದ ಗಟ್ಟಿ ಹಾಲು ಮತ್ತು ಸಕ್ಕರೆ. ಸಕ್ಕರೆ ಬೇಡವಾದರೆ ಕೊನೆಗೆ "ಕೊಸೊಂಗ್" ಸೇರಿಸಿ, ಕಡಿಮೆ ಸಾಕಾದರೆ "ಸಿವ್ ದಾಯ್", ಐಸ್ ಬೇಕಾದರೆ "ಪೆಂಗ್". ಸಕ್ಕರೆ ಕಾಯಿಲೆ ಇರುವ ಹಿರಿಯರಿಗೆ "ಕೋಪಿ ಸಿ ಕೊಸೊಂಗ್" ಅಂತ ಬಾಯಿಪಾಠ ಮಾಡಿಸಿ. ಬೀಜವನ್ನು ಸಕ್ಕರೆ, ಮಾರ್ಗರಿನ್ ಜೊತೆ ಹುರಿದಿರುತ್ತಾರೆ, ರುಚಿ ಕಡು ಕಪ್ಪು. ಚಿಕ್ಕಮಗಳೂರಿನ ಕಾಫಿ ನೆನೆದು ಬೈಯುವುದಕ್ಕಿಂತ ಟೆ ಹಾಲಿಯಾ, ಅಂದರೆ ಶುಂಠಿ ಚಹಾ, ತೆಗೆದುಕೊಳ್ಳುವುದು ವಾಸಿ. ಮಕ್ಕಳಿಗೆ ಕಬ್ಬಿನ ಹಾಲು, ಬಾರ್ಲಿ ನೀರು, ಗುಲಾಬಿ ಶರಬತ್ತು ಬೆರೆಸಿದ ಹಾಲು, ಅಂದರೆ ಬಂಡುಂಗ್. ಕುಡಿಯುವ ನೀರು ಪುಕ್ಕಟೆ ಇಡುವುದಿಲ್ಲ, ಬಾಟಲಿ ಜೊತೆಗಿರಲಿ.

ಹೋಗುವ ಮುನ್ನ

ದುಡ್ಡು: ಒಂದು ಊಟ 4ರಿಂದ 8 ಡಾಲರ್ ಒಳಗೆ ಮುಗಿಯುತ್ತದೆ, ಸಮುದ್ರದ ಪದಾರ್ಥ ಬಿಟ್ಟು. ಸಿಂಗಪುರ ಡಾಲರಿಗೆ ಸುಮಾರು 70 ರೂಪಾಯಿ ಅಂತ ಲೆಕ್ಕ ಹಾಕಿಕೊಳ್ಳಿ. ಸ್ಟಾಲುಗಳಲ್ಲಿ ಕ್ಯೂಆರ್ ಕೋಡ್ ಇರುತ್ತದೆ, ಆದರೆ ಹೆಚ್ಚಿನವು ಅಲ್ಲಿನ ಬ್ಯಾಂಕುಗಳಿಗೆ ಸೇರಿದವು. 2, 5, 10 ಡಾಲರಿನ ನೋಟು ಇಟ್ಟುಕೊಳ್ಳಿ.

ಖಾಲಿ ಮೇಜಿನ ಮೇಲೆ ಟಿಶ್ಯೂ ಪ್ಯಾಕೆಟ್ಟೋ ಕೊಡೆಯೋ ಕಂಡರೆ ಅದು ಯಾರೋ ಹಿಡಿದಿಟ್ಟ ಜಾಗ. ಎತ್ತಿಟ್ಟು ಕೂರಬೇಡಿ, ನೀವೂ ಹಾಗೇ ಹಿಡಿಯಬಹುದು. ಟಿಶ್ಯೂ ಹೇಗೂ ಬೇಕು, ಸ್ಟಾಲಿನವರು ಕೊಡುವುದಿಲ್ಲ. ತಿಂದಾದ ಮೇಲೆ ತಟ್ಟೆ, ಟ್ರೇ ಎರಡನ್ನೂ ನೀವೇ ವಾಪಸ್ ಇಡಬೇಕು. 2021ರ ಸೆಪ್ಟೆಂಬರಿನಿಂದ ಇದು ಕಡ್ಡಾಯ. ಮೊದಲ ಸಲ ಎಚ್ಚರಿಕೆ, ಎರಡನೇ ಸಲ 300 ಡಾಲರ್ ದಂಡ. ಇಡುವ ಕಡೆ ಹಲಾಲ್ ಸ್ಟಾಲಿನ ಟ್ರೇಗೆ ಬೇರೆ ಗೂಡು, ಉಳಿದವಕ್ಕೆ ಬೇರೆ ಗೂಡು. ಬೋರ್ಡು ನೋಡಿ ಇಡಿ. ನಮ್ಮಲ್ಲಿ ಮಡಿ-ಮೈಲಿಗೆ ನೋಡುವವರಿಗೆ ಇದರ ಮಹತ್ವ ಬೇಗ ಅರ್ಥವಾಗುತ್ತದೆ.

ಸೋಮವಾರ, ಮಂಗಳವಾರ ಹೆಸರುವಾಸಿ ಸ್ಟಾಲುಗಳು ರಜೆ ಇರುವುದು ಹೆಚ್ಚು. ಇದಲ್ಲದೆ ಕೆಲವು ತಿಂಗಳಿಗೊಮ್ಮೆ ಇಡೀ ಸೆಂಟರನ್ನು ತೊಳೆಯಲು ಮುಚ್ಚುತ್ತಾರೆ. ದಿನಾಂಕಗಳನ್ನು ಅಲ್ಲಿನ ಪರಿಸರ ಇಲಾಖೆ ಎನ್‌ಇಎ ವೆಬ್‌ಸೈಟಿನಲ್ಲಿ ಹಾಕುತ್ತದೆ. ಚೀನೀ ಹೊಸವರ್ಷಕ್ಕೆ ಹೋಗುವವರು ಟೆಕ್ಕಾವನ್ನೇ ನಂಬಿಕೊಳ್ಳಿ, ಚೈನಾಟೌನಿನ ಸ್ಟಾಲುಗಳು ಕೆಲವು ದಿನ ಬಾಗಿಲು ಹಾಕಿರುತ್ತವೆ.

ಮಿಕ್ಕಿದ್ದನ್ನು ಪಾರ್ಸೆಲ್ ಕಟ್ಟಿಸಿಕೊಂಡು ಎಂಆರ್‌ಟಿ ಹತ್ತಬಹುದು. ಆದರೆ ಒಳಗೆ ತಿನ್ನುವಂತಿಲ್ಲ, ನೀರು ಕುಡಿಯುವಂತೆಯೂ ಇಲ್ಲ. ದಂಡ 500 ಡಾಲರ್‌ವರೆಗೂ ಹೋಗುತ್ತದೆ. ಜೋರು ವಾಸನೆಯ ಡುರಿಯನ್ ಹಣ್ಣನ್ನಂತೂ ಒಳಗೆ ತರುವುದಕ್ಕೇ ಬಿಡುವುದಿಲ್ಲ. ಅದನ್ನು ಕೊಂಡಲ್ಲೇ ತಿಂದು ಮುಗಿಸಿ, ಕೈ ತೊಳೆದುಕೊಂಡು ರೈಲು ಹತ್ತಿ.